ಕೊಲ್ಲಿಯ ಸಂಬಳ ಮತ್ತು ಬಡವರ ಪಡಿತರ

2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಬಿ.ಪಿ.ಎಲ್. ಪಡಿತರ ಚೀಟಿಗಳ ರದ್ದತಿಯ ಕುರಿತು ದೊಡ್ಡ ಗದ್ದಲವೆದ್ದಿತ್ತು. ನ್ಯಾಯಬೆಲೆ ಅಂಗಡಿಗೆ ಚೀಲ ಹಿಡಿದು ಹೋದವರು ಬರಿಗೈಯಲ್ಲಿ ಮರಳಿದರು. ಪ್ರತಿಪಕ್ಷಗಳು ಬೀದಿಗಿಳಿದವು. ಕೊನೆಗೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರ ಚೀಟಿಗಳನ್ನು ಮಾತ್ರ ರದ್ದುಪಡಿಸಿ, ಉಳಿದವನ್ನು ಮರಳಿಸಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸೂಚಿಸುವುದರೊಂದಿಗೆ ಆ ಗದ್ದಲ ತಣ್ಣಗಾಯಿತು. ಅಂದು ಚರ್ಚೆಯಾದದ್ದು ಸರ್ಕಾರದ ತಪ್ಪು. ಚರ್ಚೆಯಾಗದೇ ಉಳಿದದ್ದು ನಮ್ಮ ತಪ್ಪು. ಆದಾಯ ತೆರಿಗೆ ಎಂಬ ಜಾಲರಿಯಲ್ಲಿ ಶಾಲಾ ಶಿಕ್ಷಕ ಸಿಕ್ಕಿಬೀಳುತ್ತಾನೆ, ಬ್ಯಾಂಕ್ ಗುಮಾಸ್ತ ಸಿಕ್ಕಿಬೀಳುತ್ತಾನೆ. ಆದರೆ ದುಬೈಯಲ್ಲೋ ರಿಯಾದ್‌ನಲ್ಲೋ ಅವರಿಬ್ಬರಿಗಿಂತ ಹೆಚ್ಚು ಸಂಪಾದಿಸುವ ವ್ಯಕ್ತಿಯ ಮನೆಯ ಬಿ.ಪಿ.ಎಲ್. ಚೀಟಿ ಅದರಿಂದ ಸಲೀಸಾಗಿ ತಪ್ಪಿಸಿಕೊಳ್ಳುತ್ತದೆ. ಯಾಕೆಂದರೆ ಆತನ ವಿದೇಶಿ ಸಂಬಳಕ್ಕೆ ಭಾರತದಲ್ಲಿ ತೆರಿಗೆಯಿಲ್ಲ. ಕಂಪ್ಯೂಟರಿನ ಕಣ್ಣಿಗೆ ಆತ ಆದಾಯವೇ ಇಲ್ಲದ ಬಡವ.

ನಂಜನಗೂಡು ಮತ್ತು ಟಿ. ನರಸೀಪುರ ಕರಾವಳಿಯಂತೆ ಕೊಲ್ಲಿಯ ಹಣದಿಂದಲೇ ಬೆಳೆದ ಊರುಗಳಲ್ಲ. ಇಲ್ಲಿಯ ಮುಸ್ಲಿಮರ ಬದುಕು ಸಂತೆ ವ್ಯಾಪಾರ, ರೇಷ್ಮೆ, ಗುಜರಿ, ಗ್ಯಾರೇಜು, ಕೈಗಾರಿಕಾ ಪ್ರದೇಶದ ಗುತ್ತಿಗೆ ಕೆಲಸ ಇವುಗಳ ಸುತ್ತ ಹೆಣೆದುಕೊಂಡಿದೆ. ಆದರೂ ಈಚಿನ ದಶಕಗಳಲ್ಲಿ ಈ ಊರುಗಳ ಮೊಹಲ್ಲಾಗಳಿಂದಲೂ ಯುವಕರು ಚಾಲಕರಾಗಿ, ಎಲೆಕ್ಟ್ರಿಶಿಯನ್‌ಗಳಾಗಿ, ಅಂಗಡಿ ನೌಕರರಾಗಿ, ಇಂಜಿನಿಯರುಗಳಾಗಿ ಹೊರದೇಶಗಳಿಗೆ ಹೋಗಿದ್ದಾರೆ. ಇದು ಸಂತಸದ ಸಂಗತಿ. ಅವರ ಬೆವರಿನಿಂದ ತಂಗಿಯರ ಮದುವೆಗಳಾಗಿವೆ, ತಮ್ಮಂದಿರು ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ, ಮಸೀದಿಗಳಿಗೆ ಹೊಸ ಛಾವಣಿ ಬಂದಿದೆ. ಪ್ರಶ್ನೆ ಅದಲ್ಲ. ಹಂಚಿನ ಮನೆ ತಾರಸಿ ಮನೆಯಾದ ಬಳಿಕವೂ, ಅಂಗಳಕ್ಕೆ ಕಾರು ಬಂದ ಬಳಿಕವೂ ಅಲ್ಮಾರದೊಳಗಿನ ಬಿ.ಪಿ.ಎಲ್. ಚೀಟಿ ಹಾಗೆಯೇ ಉಳಿದಿರುವುದೇಕೆ ಎಂಬುದು ಪ್ರಶ್ನೆ.

ನಿಯಮಗಳೇನೂ ಗುಟ್ಟಿನವಲ್ಲ. ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿಯನ್ನು ಮೀರಿರಬಾರದು. ಜೀವನೋಪಾಯಕ್ಕೆ ಓಡಿಸುವ ವಾಹನದ ಹೊರತು ನಾಲ್ಕು ಚಕ್ರದ ಸ್ವಂತ ವಾಹನವಿರಬಾರದು. ನಗರ ಪ್ರದೇಶದಲ್ಲಿ 1,000 ಚದರ ಅಡಿಗಿಂತ ದೊಡ್ಡ ಪಕ್ಕಾ ಮನೆಯಿರಬಾರದು. 1.20 ಲಕ್ಷವೆಂದರೆ ತಿಂಗಳಿಗೆ 10,000 ರೂಪಾಯಿ. ವಿದೇಶದಲ್ಲಿರುವ ಮಗ ಮನೆಗೆ ತಿಂಗಳಿಗೆ 30,000 ಕಳುಹಿಸುತ್ತಿದ್ದಾನೆಂದಾದರೆ ವರ್ಷಕ್ಕೆ ಅದು 3.60 ಲಕ್ಷವಾಗುತ್ತದೆ. ಈ ಲೆಕ್ಕಕ್ಕೆ ಲೆಕ್ಕಪರಿಶೋಧಕರ ಅಗತ್ಯವಿಲ್ಲ. ಅಷ್ಟೇ ಅಲ್ಲ, ಚೀಟಿಯಲ್ಲಿ ಆ ಮಗನ ಹೆಸರೂ ಇದ್ದರೆ ಆತನ ಪಾಲಿನ ಅಕ್ಕಿಯೂ ಪ್ರತಿ ತಿಂಗಳು ಮನೆಗೆ ಬರುತ್ತಿರುತ್ತದೆ. ಮಸ್ಕತ್‌ನಲ್ಲಿ ಉಣ್ಣುವವನ ಹೆಸರಿನಲ್ಲಿ ನಂಜನಗೂಡಿನಲ್ಲಿ ಅಕ್ಕಿ! ಪ್ರತಿಯೊಬ್ಬ ಸದಸ್ಯನೂ ಬೆರಳಚ್ಚು ನೀಡಿ ಇ-ಕೆವೈಸಿ ಮಾಡಿಸಬೇಕೆಂಬ ನಿಯಮ ಬಂದಾಗ ಕೆಲವು ಮನೆಗಳಲ್ಲಿ ಉಂಟಾದ ಗಲಿಬಿಲಿಗೆ ಬೇರೆ ಕಾರಣವಿರಲಿಲ್ಲ.

'ಐದು ಕಿಲೋ ಅಕ್ಕಿಯಿಂದ ಸರ್ಕಾರ ಮುಳುಗುತ್ತದೆಯೇ?' ಎಂದು ಕೇಳುವವರಿದ್ದಾರೆ. ಸರ್ಕಾರ ಮುಳುಗುವುದಿಲ್ಲ, ಮುಳುಗುವುದು ನೆರೆಮನೆಯವಳು. ಹೇಗೆಂದು ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಗ್ರಾಮೀಣ ಜನಸಂಖ್ಯೆಯ ಶೇ. 75 ಮತ್ತು ನಗರ ಜನಸಂಖ್ಯೆಯ ಶೇ. 50ರವರೆಗೆ ಧಾನ್ಯ ನೀಡಲು ಅವಕಾಶ ಕಲ್ಪಿಸಿತು. ಆ ಲೆಕ್ಕವನ್ನು ರಾಜ್ಯವಾರು ವಿಂಗಡಿಸಿ ಪ್ರತಿ ರಾಜ್ಯಕ್ಕೂ ಒಂದು ಮಿತಿ ಗೊತ್ತುಪಡಿಸಲಾಯಿತು. ಕರ್ನಾಟಕದ ಪಾಲಿಗೆ ಬಂದ ಮಿತಿ 4 ಕೋಟಿಗಿಂತ ತುಸು ಹೆಚ್ಚು ಮಂದಿ. ಅದು 2011ರ ಜನಗಣತಿಯನ್ನು ಆಧರಿಸಿದ ಸಂಖ್ಯೆ. ಆ ಬಳಿಕ ಜನಸಂಖ್ಯೆ ಬೆಳೆದಿದೆ, ಮಿತಿ ಬೆಳೆದಿಲ್ಲ. ಅಂದರೆ ಇದು ಆಸನಗಳು ಭರ್ತಿಯಾದ ಬಸ್ಸು. ಅರ್ಹನಲ್ಲದವನು ಕುಳಿತ ಪ್ರತಿ ಆಸನದ ಪಕ್ಕದಲ್ಲಿ ಅರ್ಹನಾದ ಒಬ್ಬ ನಿಂತೇ ಇರುತ್ತಾನೆ. ಗಂಡನನ್ನು ಕಳಕೊಂಡು ಬೀಡಿ ಸುತ್ತುತ್ತಲೋ ಮನೆಗೆಲಸ ಮಾಡುತ್ತಲೋ ಮಕ್ಕಳನ್ನು ಸಾಕುವ ಹೆಣ್ಣುಮಗಳು ಹೊಸ ಚೀಟಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಾಳಲ್ಲ, ಆಕೆಯ ಕಾಯುವಿಕೆಯಲ್ಲಿ ನಮ್ಮ ಅಲ್ಮಾರದ ಚೀಟಿಗೂ ಪಾಲಿದೆ. ಆಕೆ ಹೆಚ್ಚಾಗಿ ನಮ್ಮ ಮೊಹಲ್ಲಾದವಳೇ ಆಗಿರುತ್ತಾಳೆ. ರಮಝಾನಿನಲ್ಲಿ ನಾವು ಝಕಾತಿನ ಲಕೋಟೆ ಕೊಡುವುದೂ ಆಕೆಗೇ. ಒಂದು ಕೈಯಿಂದ ವರ್ಷಕ್ಕೊಮ್ಮೆ ಸಾವಿರ ರೂಪಾಯಿ ಕೊಟ್ಟು, ಇನ್ನೊಂದು ಕೈಯಿಂದ ತಿಂಗಳು ತಿಂಗಳೂ ಆಕೆಯ ಅಕ್ಕಿಯನ್ನು ಕಿತ್ತುಕೊಳ್ಳುವುದಕ್ಕೆ ಯಾವ ಹೆಸರಿಡೋಣ?

ಅಕ್ಕಿಯ ಬಳಿಕ ಬರುವುದು ಆದಾಯ ಪ್ರಮಾಣಪತ್ರ. ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನಗಳಲ್ಲಿ ಮೆಟ್ರಿಕ್ ಪೂರ್ವ ಹಂತಕ್ಕೆ ಪೋಷಕರ ವಾರ್ಷಿಕ ಆದಾಯ 1 ಲಕ್ಷ, ಮೆಟ್ರಿಕ್ ನಂತರದ ಹಂತಕ್ಕೆ 2 ಲಕ್ಷ ರೂಪಾಯಿ ಮೀರಬಾರದೆಂಬ ಮಿತಿಯಿತ್ತು. ತಂದೆ ವಿದೇಶದಲ್ಲಿದ್ದಾನೆಂಬುದನ್ನು ಮರೆಮಾಚಿ, ಆತನನ್ನು 'ಕೂಲಿ' ಎಂದು ಬರೆಸಿದ ಅರ್ಜಿಗಳ ಕತೆ ಹೊಸದಲ್ಲ. ವೃತ್ತಿ ಶಿಕ್ಷಣದ ಸೀಟು ಬೇಕಾದಾಗ ಇದೇ ತಂದೆಯ ಪಾಸ್‌ಪೋರ್ಟ್ ಅನಿವಾಸಿ ಕೋಟಾದ ಹೆಮ್ಮೆಯಾಗುತ್ತದೆ. ಶುಲ್ಕ ವಿನಾಯಿತಿ ಬೇಕಾದಾಗ ಮುಚ್ಚಿಡಬೇಕಾದ ಗುಟ್ಟಾಗುತ್ತದೆ. ಈ ಬಗೆಯ ಸುಳ್ಳುಗಳ ಫಲವೇನಾಯಿತೆಂಬುದನ್ನು ದೇಶ ನೋಡಿದೆ. 2023ರ ಆಗಸ್ಟ್‌ನಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ ಹಗರಣವನ್ನು ಸಿ.ಬಿ.ಐ.ಗೆ ಒಪ್ಪಿಸಲಾಯಿತು. ಪರಿಶೀಲನೆಗೊಳಪಡಿಸಿದ 1,572 ಸಂಸ್ಥೆಗಳ ಪೈಕಿ 830 ಸಂಸ್ಥೆಗಳು ನಕಲಿ ಅಥವಾ ಅಸ್ತಿತ್ವದಲ್ಲೇ ಇಲ್ಲದವು ಎಂದೂ, 144.83 ಕೋಟಿ ರೂಪಾಯಿ ನಷ್ಟವಾಗಿದೆಯೆಂದೂ ಸಚಿವಾಲಯ ಹೇಳಿತು. ಅದಕ್ಕೂ ಮೊದಲೇ, 2022ರಲ್ಲಿ, 1ರಿಂದ 8ನೇ ತರಗತಿಯವರೆಗಿನ ವಿದ್ಯಾರ್ಥಿವೇತನ ನಿಂತಿತ್ತು. ಮೌಲಾನಾ ಆಝಾದ್ ಫೆಲೋಶಿಪ್ ಕೂಡಾ ಅದೇ ವರ್ಷ ನಿಂತಿತು. ಅವನ್ನು ನಿಲ್ಲಿಸಿದ್ದು ಸರ್ಕಾರದ ರಾಜಕೀಯ ನಿಲುವು, ಅದನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಆದರೆ ನಿಲ್ಲಿಸಿದವರ ಕೈಗೆ ಸಮರ್ಥನೆಯ ಅಸ್ತ್ರವನ್ನು ಕೊಡುತ್ತಿರುವವರು ಯಾರು? ನಕಲಿ ದಾಖಲೆ ಸೃಷ್ಟಿಸಿದವರಲ್ಲಿ ನಮ್ಮವರೂ ಇದ್ದರೆಂಬುದನ್ನು ಹೇಳಲು ನಾವೇಕೆ ಹಿಂಜರಿಯಬೇಕು?

2ಬಿ ಪ್ರವರ್ಗದ ವಿಷಯವೂ ಹೀಗೆಯೇ. ಮುಸ್ಲಿಮರ ಶೇ. 4ರ ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರ ರದ್ದುಪಡಿಸಲು ಹೊರಟಿತು. ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದ ಬಳಿಕ ಆ ಆದೇಶ ಜಾರಿಗೆ ಬರಲಿಲ್ಲ. ಕೆನೆಪದರಕ್ಕೆ ಸೇರಿದವರಿಗೆ ಈ ಮೀಸಲಾತಿಯಿಲ್ಲ ಎಂಬುದು ನಿಯಮ. ಕೊಲ್ಲಿಯ ಸಂಬಳವನ್ನು ಮುಚ್ಚಿಟ್ಟು ಕೆನೆಪದರದಿಂದ ತಪ್ಪಿಸಿಕೊಂಡವನು ಕಿತ್ತುಕೊಳ್ಳುವ ಸೀಟು ಮೇಲ್ಜಾತಿಯವನದ್ದಲ್ಲ. ಅದು ಪಂಕ್ಚರ್ ಅಂಗಡಿಯವನ ಮಗಳದ್ದು. 2006ರ ಸಾಚಾರ್ ವರದಿಯನ್ನು ಎತ್ತಿ ಹಿಡಿದು ನಮ್ಮ ಹಿಂದುಳಿದಿರುವಿಕೆಯ ಬಗ್ಗೆ ಭಾಷಣ ಮಾಡುವವರು, ಆ ಹಿಂದುಳಿದವರ ಪಾಲನ್ನು ಮುಂದುವರಿದ ನಾವೇ ಉಣ್ಣುತ್ತಿದ್ದೇವೆಯೇ ಎಂಬುದನ್ನೂ ಪರಿಶೀಲಿಸಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎಲ್ಲ ಸವಲತ್ತೂ ಒಂದೇ ಬಗೆಯದಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ದೊರೆತ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವಂಥದ್ದು. ಅದರಿಂದ ಹೊರಗಿಟ್ಟದ್ದು ಆಕೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಇಲ್ಲವೇ ಜಿ.ಎಸ್.ಟಿ. ಪಾವತಿಸುವ ಕುಟುಂಬಗಳನ್ನು. ಪತಿ ವಿದೇಶದಲ್ಲಿದ್ದು ಇಲ್ಲಿ ತೆರಿಗೆ ಕಟ್ಟದವನಾದರೆ ನಿಯಮದ ಅಕ್ಷರದಂತೆ ಆಕೆ ಅನರ್ಹಳಲ್ಲ. ಅದನ್ನು ವಂಚನೆ ಎನ್ನಲಾಗದು. ಆದರೆ ಕಾನೂನು ಬಿಟ್ಟ ಬಾಗಿಲಿನಲ್ಲೆಲ್ಲ ನುಗ್ಗಲೇಬೇಕೆಂಬ ನಿಯಮವೇನಿಲ್ಲ. ವರ್ಷಕ್ಕೆ 24,000 ರೂಪಾಯಿ ತನಗೆ ಬೇಕಿಲ್ಲವೆಂದು ಬಿಟ್ಟುಕೊಡುವ ಒಬ್ಬ ಸಹೋದರಿ ಹತ್ತು ಭಾಷಣಗಳಿಗಿಂತ ದೊಡ್ಡ ಪಾಠ ಕಲಿಸಬಲ್ಲಳು. ಅದು ತಖ್ವಾದ ವಿಷಯ. ಬಿ.ಪಿ.ಎಲ್. ಚೀಟಿಗೆ ಸುಳ್ಳು ಘೋಷಣೆ ಬರೆದುಕೊಡುವುದು ಹಾಗಲ್ಲ. ಅದು ಸಹಿ ಹಾಕಿ ಹೇಳಿದ ಸುಳ್ಳು.

ಇನ್ನು ತೆರಿಗೆ. ಕೊಲ್ಲಿಯಲ್ಲಿ ದುಡಿದು ಹಣ ಕಳುಹಿಸುವುದೇ ತೆರಿಗೆ ವಂಚನೆ ಎಂಬಂತೆ ಮಾತಾಡುವವರಿಗೆ ಮೊದಲು ಉತ್ತರಿಸಬೇಕಾಗಿದೆ. ಅನಿವಾಸಿ ಭಾರತೀಯನ ವಿದೇಶಿ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಅದನ್ನು ಬ್ಯಾಂಕಿನ ಮೂಲಕ ಮನೆಗೆ ಕಳುಹಿಸಿದರೂ ಇಲ್ಲ. ಅದು ಕಾನೂನೇ ಕೊಟ್ಟ ಹಕ್ಕು. ಆತ ಅಲ್ಲಿಯೂ ಬಿಟ್ಟಿಯಾಗಿ ಬದುಕುವುದಿಲ್ಲ. 2018ರಲ್ಲಿ ಸೌದಿ ಮತ್ತು ಯು.ಎ.ಇ. ಶೇ. 5ರ ಮೌಲ್ಯವರ್ಧಿತ ತೆರಿಗೆ ಹೇರಿದವು. ಸೌದಿಯು 2020ರ ಜುಲೈಯಲ್ಲಿ ಅದನ್ನು ಶೇ. 15ಕ್ಕೆ ಏರಿಸಿತು. 2017ರಿಂದ ಅಲ್ಲಿ ಅವಲಂಬಿತರ ತಲೆಗಿಷ್ಟೆಂದು ಹೇರಿದ ತಿಂಗಳ ಶುಲ್ಕ ವರ್ಷ ವರ್ಷವೂ ಏರಿದಾಗ ಎಷ್ಟೋ ಕುಟುಂಬಗಳು ಊರಿಗೆ ಮರಳಿದವು. ಎಲ್ಲರೂ ಸಿರಿವಂತರೂ ಅಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಮಂದಿ ಭಾರತೀಯರು ಸುಟ್ಟು, ಉಸಿರುಗಟ್ಟಿ ಸತ್ತರು. ಅವರಲ್ಲಿ ನಮ್ಮ ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ಏಜೆಂಟನ ಸಾಲ ತೀರಿಸಲು ವರ್ಷಗಟ್ಟಲೆ ದುಡಿಯುವ ಅಂಥ ಕಾರ್ಮಿಕನ ಮನೆಯಲ್ಲಿ ಬಿ.ಪಿ.ಎಲ್. ಚೀಟಿಯಿದ್ದರೆ ಅದು ಆತನ ಹಕ್ಕೇ ಆಗಿರಬಹುದು. ನಮ್ಮ ಮಾತು ಆತನ ಕುರಿತಲ್ಲ.

ನಮ್ಮ ಮಾತು ಇರುವುದು ಭಾರತದಲ್ಲೇ ಹುಟ್ಟುವ ಆದಾಯವನ್ನು ಮುಚ್ಚಿಡುವವರ ಕುರಿತು. ಮೈಸೂರಿನಲ್ಲಿ ಕಟ್ಟಿಸಿದ ಮನೆಯ ಬಾಡಿಗೆ, ನಿವೇಶನ ಮಾರಿದ ಲಾಭ ಇವೆಲ್ಲ ತೆರಿಗೆಗೆ ಒಳಪಡುವಂಥವು, ಮಾಲೀಕ ಜಿದ್ದಾದಲ್ಲಿದ್ದರೂ ಸರಿ. 2025ರ ಬಜೆಟ್‌ನಲ್ಲಿ 12 ಲಕ್ಷದವರೆಗೆ ತೆರಿಗೆಯಿಲ್ಲವೆಂದು ಘೋಷಿಸಿದ ರಿಯಾಯಿತಿ ನಿವಾಸಿಗಳಿಗೆ ಮಾತ್ರ, ಅನಿವಾಸಿಗಳಿಗಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ವಿದೇಶಕ್ಕೆ ಹೋದ ಬಳಿಕ ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಬೇಕೆಂಬ ನಿಯಮವನ್ನು ಪಾಲಿಸುವವರು ವಿರಳ. ನಿವೇಶನ ಕೊಳ್ಳುವಾಗ ಮಾರ್ಗಸೂಚಿ ದರದಷ್ಟನ್ನು ಮಾತ್ರ ನೋಂದಣಿಯಲ್ಲಿ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವುದು 'ವಾಡಿಕೆ' ಎಂಬ ಮುದ್ದಾದ ಹೆಸರು ಪಡೆದಿದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದು 2015ರಿಂದಲೇ ನಿಷಿದ್ಧ. ಆ ವಾಡಿಕೆ ಎಲ್ಲ ಸಮುದಾಯಗಳಲ್ಲೂ ಇದೆ ಎಂಬುದು ನಿಜ. ಎಲ್ಲರೂ ಮಾಡುತ್ತಾರೆಂಬ ಕಾರಣಕ್ಕೆ ಹರಾಮು ಹಲಾಲಾಗುತ್ತದೆಯೇ?

ಹುಂಡಿಯ ದಾರಿಯೂ ಅಂಥದ್ದೇ. ಬ್ಯಾಂಕಿನ ಬಡ್ಡಿಯಿಂದ ದೂರವಿರಲು ಹುಂಡಿಯಲ್ಲಿ ಕಳುಹಿಸುತ್ತೇವೆ ಎಂಬ ವಾದವನ್ನು ಕೆಲವರು ಮುಂದಿಡುತ್ತಾರೆ. ಬಡ್ಡಿ ಬೇಡವಾದರೆ ಬಡ್ಡಿಯಿಲ್ಲದ ಚಾಲ್ತಿ ಖಾತೆಯಿದೆ. ಒಂದು ಪಾಪದಿಂದ ತಪ್ಪಿಸಿಕೊಳ್ಳಲು ಇನ್ನೊಂದರ ಮನೆ ಹೊಕ್ಕಬೇಕಿಲ್ಲ. ಹುಂಡಿಯವನು ಕೈಗಿಟ್ಟ ಹಣ ಎಲ್ಲಿಂದ ಬಂತು, ಯಾವ ಚಿನ್ನದ ಕಳ್ಳಸಾಗಣೆಯಿಂದ ಬಂತು ಎಂಬುದು ಅದನ್ನು ಪಡೆದ ತಾಯಿಗೆ ಗೊತ್ತಿರುವುದಿಲ್ಲ. ಪೊಲೀಸರು ಬಾಗಿಲು ತಟ್ಟಿದಾಗ ಉತ್ತರಿಸಬೇಕಾದವಳು ಮಾತ್ರ ಆಕೆಯೇ.

ಭೂಮಿಯ ವಿಷಯದಲ್ಲಂತೂ ವಂಚನೆ ತಿರುಗಿ ವಂಚಕನನ್ನೇ ಕಚ್ಚುತ್ತದೆ. ಅನಿವಾಸಿ ಭಾರತೀಯರು ಕೃಷಿಭೂಮಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು ಅಷ್ಟೇ. ಕಾವೇರಿ, ಕಪಿಲೆಯರ ನಾಲೆಯ ನೀರುಂಡ ಟಿ. ನರಸೀಪುರದ ಗದ್ದೆಗೆ ಆಸೆಪಟ್ಟವನು ಹಾಗಾಗಿ ಅದನ್ನು ತಮ್ಮನ ಹೆಸರಿನಲ್ಲೋ ಭಾವನ ಹೆಸರಿನಲ್ಲೋ ಬರೆಸುತ್ತಾನೆ. ಇಪ್ಪತ್ತು ವರ್ಷದ ಬಳಿಕ ಮರಳಿ ಬಂದಾಗ ಪಹಣಿಯಲ್ಲಿ ಆತನ ಹೆಸರಿರುವುದಿಲ್ಲ. ತಮ್ಮನ ನೆನಪಿನಲ್ಲಿ ಆ ಹಣವೂ ಇರುವುದಿಲ್ಲ. ನ್ಯಾಯಾಲಯಕ್ಕೆ ಹೋದರೆ, 2016ರ ನವೆಂಬರ್ 1ರಿಂದ ಬಿಗಿಯಾದ ಬೇನಾಮಿ ಕಾನೂನು ಕಾದಿರುತ್ತದೆ: ಆಸ್ತಿ ಮುಟ್ಟುಗೋಲು, 1ರಿಂದ 7 ವರ್ಷ ಕಠಿಣ ಸಜೆ, ಮಾರುಕಟ್ಟೆ ಬೆಲೆಯ ಶೇ. 25ರವರೆಗೆ ದಂಡ. ಲೆಕ್ಕವಿರುವ ಹಣದಿಂದ ಪತ್ನಿ ಮಕ್ಕಳ ಹೆಸರಿನಲ್ಲಿ ಕೊಂಡದ್ದು ಇದರಡಿ ಬರುವುದಿಲ್ಲ. ಆದರೆ ತಮ್ಮನ ಒಬ್ಬನದೇ ಹೆಸರಿನ ಗದ್ದೆಗೆ ಆ ರಕ್ಷಣೆಯಿಲ್ಲ. ಒಂದೇ ತಾಯಿಯ ಮಕ್ಕಳು ಈದ್‌ನ ದಿನ ಪರಸ್ಪರ ಸಲಾಂ ಹೇಳದೇ ಎದುರು ಬದುರಾಗಿ ಹಾದುಹೋಗುವ ಮನೆಗಳ ಗೋಡೆ ಕೆದಕಿದರೆ ಹಲವು ಕಡೆ ಇಂಥದೊಂದು ಬೇನಾಮಿ ಪತ್ರ ಸಿಕ್ಕೀತು.

ಮುಚ್ಚಿಟ್ಟ ಹಣಕ್ಕೆ ನ್ಯಾಯಾಲಯವಿಲ್ಲ ಎಂಬ ಪಾಠವನ್ನು ಐ.ಎಂ.ಎ. ಪ್ರಕರಣವೂ ಕಲಿಸಿದೆ. ಹಲಾಲ್ ಲಾಭದ ಹೆಸರಿನಲ್ಲಿ ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯವನ್ನು ಸಂಗ್ರಹಿಸಿದ ಬೆಂಗಳೂರಿನ ಆ ಸಂಸ್ಥೆಯ ಮುಖ್ಯಸ್ಥ ಮನ್ಸೂರ್ ಖಾನ್ 2019ರ ಜೂನ್‌ನಲ್ಲಿ ದುಬೈಗೆ ಪರಾರಿಯಾಗಿ, ಜುಲೈಯಲ್ಲಿ ದೆಹಲಿಯಲ್ಲಿ ಬಂಧಿತನಾದ. 2020ರಲ್ಲಿ ಠೇವಣಿದಾರರಿಂದ ಅರ್ಜಿಗಳನ್ನು ಆಹ್ವಾನಿಸಿದಾಗ ಕೇಳಿದ್ದು ದಾಖಲೆಗಳನ್ನು. ರಶೀದಿಯಿದ್ದವನಿಗೆ ಕೇಳುವ ಬಾಯಿಯಿತ್ತು. ಲೆಕ್ಕಕ್ಕೆ ಸಿಗದಂತೆ ಹಣ ಇಡುವವನಿಗೆ ಅದು ಕಳೆದುಹೋದಾಗ ಅಳುವ ಹಕ್ಕೂ ಇರುವುದಿಲ್ಲ.

ಈಗ ಸಮರ್ಥನೆಗಳಿಗೆ ಬರೋಣ. ಮೊದಲನೆಯದು: 'ಇದು ಇಸ್ಲಾಮೀ ಸರ್ಕಾರವಲ್ಲ, ಇದಕ್ಕೆ ನಾವೇಕೆ ನಿಷ್ಠರಾಗಿರಬೇಕು?' ಹೀಗೆ ಹೇಳುವವರು ಪ್ರವಾದಿ ಯೂಸುಫ್(ಅ)ರ ಬದುಕನ್ನು ಓದಲಿ. ಅವರು ದುಡಿದದ್ದು ಮುಸ್ಲಿಮನಲ್ಲದ ಈಜಿಪ್ಟಿನ ಅರಸನ ಬೊಕ್ಕಸದಲ್ಲಿ. ವಹಿಸಿಕೊಂಡದ್ದು ಬರಗಾಲದ ಧಾನ್ಯ ವಿತರಣೆಯನ್ನು, ಅಂದರೆ ಇಂದಿನ ಪಡಿತರವನ್ನೇ. ತನ್ನ ಅರ್ಹತೆಯಾಗಿ ಅವರು ಮುಂದಿಟ್ಟದ್ದು ಕಾಪಾಡುವ ಗುಣ ಮತ್ತು ಅರಿವನ್ನು. ತನ್ನ ಸಹೋದರರಿಗೂ ಅವರು ಅಳೆದೇ ಕೊಟ್ಟರು. ಕರಾರುಗಳನ್ನು ಪೂರೈಸಬೇಕೆಂದು ಅಲ್ ಮಾಇದಾ ಅಧ್ಯಾಯದ ಮೊದಲ ಸೂಕ್ತವೇ ಆದೇಶಿಸುತ್ತದೆ. ಪೌರತ್ವವೂ ಒಂದು ಕರಾರು, ಪಾಸ್‌ಪೋರ್ಟ್ ಕೂಡಾ. ಅದರ ಹಕ್ಕನ್ನು ಕೇಳುವಾಗ ನಾವು ಭಾರತೀಯರು, ಅದರ ಹೊಣೆಯನ್ನು ಹೊರುವಾಗ ಪರಕೀಯರೇ?

ಎರಡನೆಯದು ತುಸು ಓದಿಕೊಂಡವರ ಸಮರ್ಥನೆ: 'ಝಕಾತ್ ಕೊಟ್ಟ ಬಳಿಕ ಇತರ ತೆರಿಗೆಗಳು ಮಕ್ಸ್, ಅವು ಅನ್ಯಾಯದ ಸುಂಕ.' ಮಕ್ಸನ್ನು ಹದೀಸ್‌ಗಳು ಖಂಡಿಸಿರುವುದು ನಿಜ. ಆದರೆ ಸಾರ್ವಜನಿಕ ಅಗತ್ಯಕ್ಕೆ ಬೊಕ್ಕಸ ಸಾಲದಾದಾಗ ಉಳ್ಳವರ ಮೇಲೆ ಆಡಳಿತವು ತೆರಿಗೆ ವಿಧಿಸಬಹುದೆಂದು ಇಮಾಮ್ ಗಝಾಲಿ ಮತ್ತು ಇಮಾಮ್ ಶಾತಿಬಿಯಂಥ ವಿದ್ವಾಂಸರು ಶತಮಾನಗಳ ಹಿಂದೆಯೇ ಬರೆದಿದ್ದಾರೆ. ನಮ್ಮ ತಾಯಂದಿರು ಹೆರಿಗೆಗೆ ಹೋಗುವ ಮೈಸೂರಿನ ಚೆಲುವಾಂಬ ಆಸ್ಪತ್ರೆ, ನಮ್ಮ ಮಕ್ಕಳು ಓದುವ ಉರ್ದು ಶಾಲೆ, ಊರಿಗೆ ಬಂದಾಗ ನಮ್ಮ ಕಾರು ಓಡುವ ರಸ್ತೆ ಇವೆಲ್ಲ ತೆರಿಗೆಯಿಂದಲೇ ನಡೆಯುತ್ತವೆ. ಬಳಸುವಾಗ ಸೇವೆ, ಕಟ್ಟುವಾಗ ಮಕ್ಸ್ ಎಂಬ ಫತ್ವಾ ಯಾವ ಗ್ರಂಥದಲ್ಲೂ ಇಲ್ಲ.

ಮೂರನೆಯದು: 'ದೊಡ್ಡ ಕಳ್ಳರನ್ನು ಬಿಟ್ಟು ನಮ್ಮನ್ನೇಕೆ ಕೇಳುತ್ತೀರಿ?' ಕೇಳಲೇಬೇಕಾದ ಪ್ರಶ್ನೆಯಿದು. ಬ್ಯಾಂಕುಗಳ ಸಾವಿರಾರು ಕೋಟಿ ಸಾಲ ಉಳಿಸಿಕೊಂಡು ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟರು. 2019ರ ಸೆಪ್ಟೆಂಬರ್‌ನಲ್ಲಿ ಕಂಪೆನಿಗಳ ತೆರಿಗೆಯನ್ನು ಶೇ. 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ತಪ್ಪುತ್ತದೆಯೆಂದು ಸರ್ಕಾರವೇ ಹೇಳಿತು. ಬಡವನ ಅಕ್ಕಿಯನ್ನು 'ಬಿಟ್ಟಿ ಭಾಗ್ಯ' ಎಂದು ಹಂಗಿಸುವ ಟಿ.ವಿ. ನಿರೂಪಕರು ಆ ಭಾಗ್ಯದ ಬಗ್ಗೆ ಮಾತಾಡಲಿಲ್ಲ. ಈ ಅನ್ಯಾಯವನ್ನು ಪ್ರಶ್ನಿಸುತ್ತಲೇ ಇರಬೇಕು. ಆದರೆ ಪ್ರಶ್ನಿಸುವವನ ಕೈ ಶುದ್ಧವಿರಬೇಕು. ಮಲ್ಯರ ಹೆಸರು ಹೇಳಿ ವಿಧವೆಯ ಅಕ್ಕಿಯನ್ನು ಉಣ್ಣಲಾಗದು. ನಾಳೆ ಅಲ್ಲಾಹನ ಮುಂದೆ ಮಲ್ಯರ ಲೆಕ್ಕವನ್ನು ನಮ್ಮಿಂದ ಕೇಳಲಾಗುವುದಿಲ್ಲ.

ಖೈಬರ್‌ನಿಂದ ಮರಳುವ ದಾರಿಯಲ್ಲಿ ಬಾಣ ತಗುಲಿ ಒಬ್ಬ ಸೇವಕ ಸತ್ತಾಗ ಜನರು ಆತನಿಗೆ ಸ್ವರ್ಗದ ಶುಭಾಶಯ ಹೇಳಿದರು. ಪ್ರವಾದಿ(ಸ) ತಡೆದರು. ಹಂಚಿಕೆಗೆ ಮೊದಲು ಸಾರ್ವಜನಿಕ ಸೊತ್ತಿನಿಂದ ಆತ ಎತ್ತಿಕೊಂಡಿದ್ದ ಒಂದು ಹೊದಿಕೆ ಆತನ ಮೇಲೆ ಬೆಂಕಿಯಾಗಿ ಉರಿಯುತ್ತಿದೆಯೆಂದು ಎಚ್ಚರಿಸಿದರು. ಅದನ್ನು ಕೇಳಿದ ಒಬ್ಬರು ಎತ್ತಿಟ್ಟುಕೊಂಡಿದ್ದ ಚಪ್ಪಲಿಯ ಪಟ್ಟಿಯನ್ನೂ ತಂದೊಪ್ಪಿಸಿದರೆಂದು ಬುಖಾರಿಯ ವರದಿಯಲ್ಲಿದೆ. ಪ್ರವಾದಿಯ(ಸ) ಜೊತೆ ಪಯಣಿಸಿದವನನ್ನೂ ಒಂದು ಹೊದಿಕೆ ಬಿಡಲಿಲ್ಲವೆಂದಾದರೆ, ಹಜ್ಜಿಗೆ ಹೋಗಿ ಬಂದೆವೆಂಬ ಧೈರ್ಯ ನಮ್ಮನ್ನು ಉಳಿಸೀತೇ? ತೌಬಾ ಎಂದರೆ ಬರೀ ಕಣ್ಣೀರಲ್ಲ. ಜನರ ಹಕ್ಕು ಬಾಕಿಯಿದ್ದರೆ ಅದನ್ನು ಮರಳಿಸುವುದೂ ಅದರ ಶರತ್ತು. ಮರಳಿಸುವ ದಾರಿ ಕಾಣದಿದ್ದರೆ ಅಷ್ಟು ಮೌಲ್ಯವನ್ನು ಪುಣ್ಯದ ನಿರೀಕ್ಷೆಯಿಲ್ಲದೇ ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳಬೇಕೆಂದು ಫಿಕ್‌ಹ್ ವಿದ್ವಾಂಸರು ಹೇಳಿದ್ದಾರೆ.

ಇದಕ್ಕೆ ಜಮಾಅತ್‌ಗಳು ಮುಂದಾಗಬೇಕು. ನಂಜನಗೂಡು ಮತ್ತು ಟಿ. ನರಸೀಪುರದ ಮಸೀದಿ ಸಮಿತಿಗಳು ಮನಸ್ಸು ಮಾಡಿದರೆ ಇದು ಕಷ್ಟವಲ್ಲ. ಒಂದು ಶುಕ್ರವಾರದ ಖುತ್ಬಾ ಈ ವಿಷಯಕ್ಕೆ ಮೀಸಲಾಗಲಿ. ಯಾರ ಹೆಸರನ್ನೂ ಎತ್ತದೇ, ಯಾರನ್ನೂ ಅವಮಾನಿಸದೇ, ಅನರ್ಹರು ಸ್ವತಃ ಆಹಾರ ಇಲಾಖೆಗೆ ಅರ್ಜಿ ಕೊಟ್ಟು ಚೀಟಿಯನ್ನು ಎ.ಪಿ.ಎಲ್.ಗೆ ಬದಲಿಸಿಕೊಳ್ಳುವಂತೆ ಪ್ರೇರೇಪಿಸಲಿ. ಹೊರದೇಶದಲ್ಲಿರುವ ಸದಸ್ಯರ ಹೆಸರನ್ನು ತೆಗೆಸಲು ನೆರವಾಗಲಿ. ಅದೇ ಮೇಜಿನ ಮೇಲೆ, ಚೀಟಿಯಿಲ್ಲದ ಅರ್ಹ ಬಡವರ ಅರ್ಜಿಗಳನ್ನೂ ತುಂಬಿಸಲಿ. ಬಿಟ್ಟುಕೊಡುವವರೂ ಪಡೆಯುವವರೂ ಒಂದೇ ಸೂರಿನಡಿ ಕೂಡುವುದು ದೊಡ್ಡ ಸಂದೇಶ. ರಜೆಯಲ್ಲಿ ಅನಿವಾಸಿಗಳು ಊರಿಗೆ ಬರುವ ತಿಂಗಳುಗಳಲ್ಲಿ ಒಬ್ಬ ಲೆಕ್ಕಪರಿಶೋಧಕರನ್ನು ಕರೆಸಿ ಖಾತೆ, ಬಾಡಿಗೆ, ಆಸ್ತಿ ಮಾರಾಟ, ರಿಟರ್ನ್ಸ್ ಇವುಗಳ ಮಾಹಿತಿ ಕೊಡಿಸಲಿ. ದೀರ್ಘಕಾಲ ಹೊರಗಿದ್ದು ಮರಳುವವರಿಗೆ ಮೊದಲ ಎರಡು ಮೂರು ವರ್ಷ ವಿದೇಶಿ ಆದಾಯದ ಮೇಲೆ ಕಾನೂನೇ ರಿಯಾಯಿತಿ ನೀಡುತ್ತದೆ. ಆ ಬಳಿಕ ವಿದೇಶಿ ಖಾತೆಗಳನ್ನು ಘೋಷಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ ಭಾರೀ ದಂಡವಿದೆ. ಹೊಸದಾಗಿ ಹೊರಡುವ ಕಾರ್ಮಿಕನಿಗೆ ಸಂದರ್ಶನ ವೀಸಾದ ಕಳ್ಳದಾರಿಯ ಬದಲು ಎಮಿಗ್ರೇಷನ್ ಅನುಮತಿಯ ನೇರ ದಾರಿ ತೋರಿಸಲಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಯ ವಿಮೆ ಸಿಗುವುದು ಆ ದಾರಿಯಲ್ಲಿ ಹೋದವರಿಗೇ.

ಸರ್ಕಾರಕ್ಕೂ ಒಂದು ಮಾತು. ಅನರ್ಹರನ್ನು ಹುಡುಕುವ ನೆಪದಲ್ಲಿ ಬಡವರ ಅನ್ನಕ್ಕೆ ಕೈಹಾಕಬಾರದು. 2024ರಲ್ಲಿ ಆದಂತೆ ಮೊದಲು ರದ್ದು, ಬಳಿಕ ವಿಚಾರಣೆ ಎಂಬ ಕ್ರಮ ಅನ್ಯಾಯದ್ದು. ನೋಟಿಸು ಕೊಡಲಿ, ಮನೆ ಭೇಟಿ ಮಾಡಲಿ, ಸ್ವಯಂ ಮರಳಿಸುವವರಿಗೆ ದಂಡದಿಂದ ವಿನಾಯಿತಿ ಘೋಷಿಸಲಿ. ಪ್ರಾಮಾಣಿಕನಾಗ ಬಯಸುವವನು ಕಚೇರಿಯಿಂದ ಕಚೇರಿಗೆ ಅಲೆಯುವಂತಾದರೆ ಅಪ್ರಾಮಾಣಿಕತೆಗೆ ಸರ್ಕಾರವೇ ಬಹುಮಾನ ಕೊಟ್ಟಂತಾಗುತ್ತದೆ.

ನಂಜನಗೂಡಿನ ಶ್ರೀಕಂಠೇಶ್ವರನನ್ನು ಟಿಪ್ಪು ಸುಲ್ತಾನ್ 'ಹಕೀಂ ನಂಜುಂಡ' ಎಂದು ಕರೆದನೆಂಬ ಪ್ರತೀತಿಯನ್ನು ಆ ಊರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತದೆ. ಟಿ. ನರಸೀಪುರ ಎರಡು ನದಿಗಳು ಕೂಡುವ ಊರು. ಇಂಥ ನೆಲದಲ್ಲಿ ಮುಸ್ಲಿಮನ ಮಾತಿಗೆ, ತಕ್ಕಡಿಗೆ, ಸಹಿಗೆ ಒಂದು ಬೆಲೆಯಿತ್ತು. ನೆರೆಮನೆಯ ಹಿಂದೂ ಸಹೋದರ ತನ್ನ ಚೀಟಿ ರದ್ದಾಗಿ ಬರಿಗೈಯಲ್ಲಿ ಮರಳುವಾಗ, ಎದುರಿನ ಮಹಡಿ ಮನೆಗೆ ಅಕ್ಕಿಯ ಚೀಲ ಹೋಗುವುದನ್ನು ಕಂಡರೆ ಆತನ ಎದೆಯಲ್ಲಿ ಹುಟ್ಟುವ ಕಹಿಯನ್ನು ಯಾವ ಸೌಹಾರ್ದ ಸಮ್ಮೇಳನವೂ ಅಳಿಸಲಾರದು. ಆ ಮಹಡಿ ಮನೆ ಆತನ ಜಾತಿಯವನದ್ದೇ ಆಗಿದ್ದರೆ ಕಹಿ ಆ ವ್ಯಕ್ತಿಯ ಮೇಲಷ್ಟೇ ಇರುತ್ತದೆ. ನಮ್ಮದಾಗಿದ್ದರೆ ಅದು ಇಡೀ ಸಮುದಾಯದ ಮೇಲೆ ಹರಡುತ್ತದೆ. ಇದು ನ್ಯಾಯವಲ್ಲ, ಆದರೆ ವಾಸ್ತವ.

ಕೊಲ್ಲಿಯ ಬಿಸಿಲಿನಲ್ಲಿ ಬೆವರು ಸುರಿಸಿ ಗಳಿಸಿದ ಪ್ರತಿ ರಿಯಾಲ್ ಹಲಾಲ್ ಸಂಪಾದನೆ. ಅಂಥ ಶುದ್ಧ ಅನ್ನದ ತಟ್ಟೆಗೆ ಇನ್ನೊಬ್ಬರ ಪಾಲಿನ ಒಂದು ಹಿಡಿ ಅಕ್ಕಿಯನ್ನು ಬೆರೆಸಿ ಮಕ್ಕಳಿಗೆ ಉಣಿಸುವುದು ಎಂಥ ನಷ್ಟದ ವ್ಯಾಪಾರ! ಅಲ್ಮಾರದಲ್ಲಿರುವ ಚೀಟಿಯನ್ನು ಇಂದೇ ಹೊರತೆಗೆಯೋಣ. ಅದು ನಮ್ಮದೇ ಎಂದು ನೋಡೋಣ. ಅಲ್ಲವೆಂದಾದರೆ, ಅದರ ಹಕ್ಕುದಾರಳು ಹೆಚ್ಚು ದೂರದಲ್ಲಿಲ್ಲ.